ಆಯಿಯ ಡಬ್ಬಿ ಮತ್ತು ಒಂದು ಸಾಲಿನ ಪಾರಿಜಾತ

ನನ್ನ ಮೇಲಿರುವ ಗಂಭೀರ ಆರೋಪ ಒಂದೇ. ನಾನು ಕಿಟಕಿಯ ಹೊರಗೆ ನೋಡುತ್ತ ಕೂರುತ್ತೇನಂತೆ. ಆರೋಪ ನಿಜ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮಕ್ಕಳಿಗೆ ಹೂಜಿ ಬರೆಯಲು ಹೇಳಿ ಕಿಟಕಿಯಲ್ಲಿ ನಿಂತರೆ, ಶೇಡಬಾಳದ ಕಬ್ಬಿನ ಹೊಲಗಳ ಮೇಲೆ ಮೋಡದ ನೆರಳು ಯಾರದೋ ಮನೆಗೆ ಹೊರಟ ಹಾಗೆ ನಿಧಾನಕ್ಕೆ ನಡೆದು ಹೋಗುತ್ತಿತ್ತು. ಅದರ ಹಿಂದೆ ನಾನೂ ಹೋಗುತ್ತಿದ್ದೆ. ಗಂಟೆ ಹೊಡೆದಾಗ ತಿರುಗಿ ನೋಡಿದರೆ ಮಕ್ಕಳು ಹೂಜಿ ಮುಗಿಸಿ, ಅದಕ್ಕೊಂದು ಮೀಸೆ ಬರೆದು, ಕೆಳಗೆ ನನ್ನ ಹೆಸರು ಹಾಕಿ ಮನೆಗೆ ಹೋಗಿರುತ್ತಿದ್ದರು.

ನಿವೃತ್ತನಾದ ಮೇಲೆ ಶಾಲೆಯ ಕಿಟಕಿ ಕೈಬಿಟ್ಟಿತು. ಮನೆಯ ಕಿಟಕಿಗೆ ನೆರೆಮನೆಯ ಅಣ್ಣಾಸಾಹೇಬರ ನೀರಿನ ಟಾಕಿ ಅಡ್ಡ. ಹೀಗಾಗಿ ಒಂದು ಕಂಪ್ಯೂಟರ್ ತಂದೆ. ಅದೂ ಒಂದು ಕಿಟಕಿಯೇ, ನಡುವೆ ಟಾಕಿ ಇಲ್ಲ, ಅಷ್ಟೇ. ಎರಡು ತಿಂಗಳು ವಿಡಿಯೋ ನೋಡಿ ವೆಬ್‌ಸೈಟ್ ಕಟ್ಟುವುದನ್ನು ಕಲಿತೆ. ಕಲಿತದ್ದು ಸಂಪೂರ್ಣ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಇಲ್ಲಿಂದ ಮುಂದೆ ಆದದ್ದಕ್ಕೆಲ್ಲ ಆ ನಂಬಿಕೆಯೇ ಹೊಣೆ, ನಾನಲ್ಲ.

ಈಗ ನನ್ನ ಹೆಂಡತಿಯ ಬಗ್ಗೆ ಹೇಳಬೇಕು. ಪದ್ಮಾವತಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮಾಡುತ್ತಾಳೆ. ಹಿಂಡಿ ಎಂದರೆ ದನದ ಹಿಂಡಿಯಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ನಾವು ಜೈನರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ನೆಲದೊಳಗಿನ ಯಾವ ಗಡ್ಡೆಯೂ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಶೇಂಗಾ ಕೂಡ ನೆಲದೊಳಗೇ ಬೆಳೆಯುತ್ತದಲ್ಲ ಎಂದು ಕೇಳಬೇಡಿ. ಅದು ಬೀಜ, ಗಡ್ಡೆಯಲ್ಲ. ಚಿಕ್ಕಂದಿನಲ್ಲಿ ಇದೇ ಪ್ರಶ್ನೆ ಕೇಳಿ ನಾನು ಅಜ್ಜಿಯಿಂದ ಬೈಸಿಕೊಂಡಿದ್ದೇನೆ. ಬಳ್ಳೊಳ್ಳಿ ಇಲ್ಲದೆ ಹಿಂಡಿಗೆ ರುಚಿ ತರುವುದು ಸುಲಭವಲ್ಲ. ಪದ್ಮಾಳ ಕೈಗೆ ಅದು ಬರುತ್ತದೆ. ವ್ರತ ಹಿಡಿದ ಹೆಂಗಸರು ಅಥಣಿ, ರಾಯಬಾಗ, ಅಲಖನೂರಗಳಿಂದ ಅವಳಿಗೆ ಹೇಳಿ ಕಳಿಸುತ್ತಾರೆ.

ಅವಳು ಪೇಟೆಯ ಒಂದು ಚಿಟಿಕೆ ಪುಡಿಯನ್ನೂ ನಂಬುವವಳಲ್ಲ. ಊರಿನ ಖಾರದ ಗಿರಣಿಗೆ ಹೋದರೆ ತನ್ನ ಮೆಣಸಿನಕಾಯಿ ಸುರಿಯುವ ಮೊದಲು ಕೇಳುವ ಮಾತು ಒಂದೇ: “ನಮ್ಮಕಿಂತ ಮೊದಲ ಯಾರದ್ ಹಾಕಿದ್ರಿ?” ಅಲ್ಲಿ ಕಾಂದಾ-ಲಸೂಣ ಮಸಾಲೆ ಬೀಸಿದ್ದರೆ, ಅಂದರೆ ಉಳ್ಳಾಗಡ್ಡಿ ಬಳ್ಳೊಳ್ಳಿಯ ಮಸಾಲೆ, ಮೊದಲು ತನ್ನ ಎರಡು ಮುಷ್ಟಿ ಜೋಳ ಹಾಕಿಸಿ ಗಿರಣಿಯ ಬಾಯಿ ತೊಳೆಸುತ್ತಾಳೆ. ಆ ಹಿಟ್ಟು ದನಕ್ಕೆ. ಆಮೇಲೆ ತನ್ನದು. ಅದು ಬೀಸಿ ಮುಗಿಯುವವರೆಗೆ ಬಾಯಿಗೆ ಸೆರಗು ಹಿಡಿದು ಅಲ್ಲೇ ನಿಂತಿರುತ್ತಾಳೆ. ಗಿರಣಿಯವರು ಅವಳನ್ನು ದೂರದಿಂದ ಕಂಡ ಕೂಡಲೇ ಜರಡಿ ಜಾಡಿಸಲು ಶುರು ಮಾಡುತ್ತಾರೆ.

ಅವಳ ಕೈಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಬೇಡಕಿಹಾಳದ ರತ್ನಾಬಾಯಿ. ಪದ್ಮಾಳ ತವರಿನ ಕಡೆಯ ಹಿರಿಯರು, ಎಲ್ಲರ ಬಾಯಲ್ಲೂ ಆಯಿ. ಎಪ್ಪತ್ತು ದಾಟಿದ ಆಯಿ ತಮ್ಮ ಮನೆಯ ಹೊರಗೆ ತಯಾರಾದ ಏನನ್ನೂ ಮುಟ್ಟುವುದಿಲ್ಲ, ಪದ್ಮಾಳ ಹಿಂಡಿ ಒಂದನ್ನು ಬಿಟ್ಟು. ಅದಕ್ಕೂ ಅವರದೇ ಡಬ್ಬಿ ಬೇಕು. ತಮ್ಮ ಮನೆಯಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ ಹಿತ್ತಾಳೆ ಡಬ್ಬಿಯನ್ನು ಅವರು ಕಳಿಸುತ್ತಾರೆ, ಪದ್ಮಾ ತುಂಬಿ ಕಳಿಸುತ್ತಾಳೆ. ಉಳಿದ ಹೆಂಗಸರ ಲೆಕ್ಕಾಚಾರ ಬಹಳ ಸರಳ: ಆಯಿ ಉಣ್ಣುತ್ತಾರೆ ಎಂದರೆ ಎಲ್ಲರೂ ಉಣ್ಣಬಹುದು.

ಡಬ್ಬಿ ಒಯ್ಯುವ, ತರುವ ಜವಾಬ್ದಾರಿ ನನ್ನದು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಬೇಡಕಿಹಾಳಕ್ಕೆ ಹೋಗಬೇಕು. ದಾರಿಯಲ್ಲಿ ಕಿಟಕಿ ಬಹಳ ಚೆನ್ನಾಗಿದೆ. ಒಮ್ಮೆ ಮಳೆಗಾಲದಲ್ಲಿ ಕೆರೆಯ ಮೇಲೆ ಬೆಳ್ಳಕ್ಕಿಗಳು ಎದ್ದುದನ್ನು ನೋಡುತ್ತಿದ್ದವನು ಎಚ್ಚರಾದಾಗ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿದ್ದೆ. ತೊಡೆಯ ಮೇಲೆ ಡಬ್ಬಿ ಇತ್ತು. ತಿರುಗಿ ಬಂದು ಸಂಜೆಯ ಹೊತ್ತಿಗೆ ತಲುಪಿಸಿದೆ. ಈ ವಿಷಯ ಯಾರಿಗೂ ಗೊತ್ತಿಲ್ಲ ಎಂದು ಬಹಳ ದಿನ ತಿಳಿದುಕೊಂಡಿದ್ದೆ.

ಈ ಶ್ರಮವನ್ನೆಲ್ಲ ಒಂದೇ ಏಟಿಗೆ ನಿವಾರಿಸುವ ಸದುದ್ದೇಶದಿಂದ ನಾನು ವೆಬ್‌ಸೈಟ್ ಕಟ್ಟಲು ಸಂಕಲ್ಪಿಸಿದೆ. ಹೆಸರು, ಊರು, ಫೋನ್ ನಂಬರು, ಯಾವ ಹಿಂಡಿ ಎಂದು ಬರೆದು ಒತ್ತಿದರೆ ಸಾಕು. ಪದ್ಮಾ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಹೇಳಿದೆ. ಮಂದಿ ನನ್ನ ಹಿಂಡಿ ಕೇಳಾಕ ಇನ್ನೊಬ್ಬರ ಮನಿಗೆ ಯಾಕ ಹೋಗಬೇಕು ಎಂದು ಕೇಳಿದಳು. ಅದು ಇನ್ನೊಬ್ಬರ ಮನೆಯಲ್ಲ, ನಮ್ಮದೇ ಅಂಗಳ ಎಂದೆ. ಆ ಗಳಿಗೆಯಲ್ಲೇ ಹೆಸರೂ ಹೊಳೆಯಿತು. ಪದ್ಮಾಂಗಣ!

ಕಟ್ಟಿದೆ. ಬಿಳಿ ಹಾಳೆಯ ಮೇಲೆ ಮೂರು ಹಿಂಡಿಯ ಹೆಸರು, ಒಂದು ಫಾರಂ. ಕೆಲಸ ಮುಗಿದಿತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ಮಧ್ಯಾಹ್ನದ ಹೊತ್ತು, ಹೊರಗೆ ಮೋಡ, ಮನೆಯಲ್ಲಿ ಹುರಿದ ಶೇಂಗಾದ ವಾಸನೆ. ಪರದೆ ನೋಡುತ್ತ ನೋಡುತ್ತ ಅಂಗಳ ಬರೀ ಬೋಳು ಅನಿಸಿತು. ಅಂಗಳವೆಂದ ಮೇಲೆ ಒಂದು ಪಾರಿಜಾತದ ಗಿಡ ಬೇಡವೆ? ಬೆಳಗಿನ ಜಾವ ಹೂ ಉದುರಬೇಡವೆ? ಹುಡುಕಿದೆ. ಪರದೇಶದ ಯಾರೋ ಒಬ್ಬ ತನ್ನೂರಿನ ಹಿಮ ಬೀಳುವುದನ್ನು ತಯಾರಿಸಿ ಇಟ್ಟಿದ್ದ. ಕಂಪ್ಯೂಟರ್ ಭಾಷೆಯ ಈ ಒಂದು ಸಾಲನ್ನು ನಿಮ್ಮ ಪುಟದಲ್ಲಿ ಅಂಟಿಸಿರಿ, ಪುಕ್ಕಟೆ ಎಂದು ಬರೆದಿದ್ದ. ಅಂಟಿಸಿದೆ. ಹಿಮಕ್ಕೆ ಕೇಸರಿ ತೊಟ್ಟಿನ ಬಣ್ಣ ಕೊಟ್ಟೆ. ಶೇಡಬಾಳದ ಸೆಕೆಯಲ್ಲಿ, ನನ್ನ ಕಣ್ಣೆದುರು, ಪಾರಿಜಾತ ಉದುರತೊಡಗಿತು. ನಿಧಾನಕ್ಕೆ, ತಿರುಗುತ್ತ, ಶೇಂಗಾ ಹಿಂಡಿಯ ಮೇಲೆ. ಅರ್ಧ ತಾಸು ನೋಡುತ್ತಲೇ ಕೂತೆ. ಜೀವನದಲ್ಲಿ ಮೊದಲ ಸಲ ನಾನು ಬರೆದ ಚಿತ್ರವೊಂದು ಅಲುಗಾಡಿತ್ತು. ನಾನು ಬರೆದದ್ದಲ್ಲ ಎಂಬ ಸಣ್ಣ ಸಂಗತಿ ಆಗ ನೆನಪಿಗೆ ಬರಲಿಲ್ಲ.

ಒಂದು ಸಾಲಿನ ರುಚಿ ಹತ್ತಿದವನು ನಿಲ್ಲುವುದಿಲ್ಲ. ಇನ್ನೊಬ್ಬನಿಂದ ತಂಬೂರಿಯ ನಾದ ತಂದೆ. ಮತ್ತೊಬ್ಬನಿಂದ ಎಷ್ಟು ಜನ ಬಂದರು ಎಂದು ಎಣಿಸುವ ಯಂತ್ರ. ಒಬ್ಬ ತೇಲುವ ಚಂದ್ರನನ್ನು ಕೊಟ್ಟ. ಒಬ್ಬ, ಬಂದವರಿಗೆ ನಮಸ್ಕಾರ ಹೇಳುವ ಗಿಳಿಯನ್ನು ಕೊಟ್ಟ. ಹೀಗೆ ಒಂಬತ್ತು ಸಾಲು. ಒಂಬತ್ತೂ ಪುಕ್ಕಟೆ. ಜಗತ್ತಿನಲ್ಲಿ ಎಂಥ ಒಳ್ಳೆಯ ಜನ ಇದ್ದಾರೆ ಎಂದು ನನ್ನ ಕಣ್ಣು ತುಂಬಿ ಬಂತು.

ಅದರಲ್ಲಿ ಸೂರ್ಯಾಸ್ತದ ಗಡಿಯಾರವೂ ಒಂದು. ನಮ್ಮ ಜನ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಆದ್ದರಿಂದ ಅದು ಸಮಾಜಸೇವೆ ಎಂದು ಹಾಕಿದ್ದೆ. ಎರಡನೆಯ ದಿನ ಬೆಳಿಗ್ಗೆ ಅಣ್ಣಾಸಾಹೇಬರು ಟಾಕಿಯ ಪಕ್ಕದಿಂದ ಇಣುಕಿ ಕೇಳಿದರು, “ಮಾಸ್ತರ, ನಿಮ್ಮ ಅಂಗಳದಾಗ ಹೊತ್ತು ರಾತ್ರಿ ಒಂಬತ್ತೂವರಿಗಿ ಮುಳಗತೈತೆಂತ. ಮೊದಲ ಹೇಳಿದ್ರ ನಾವೂ ಅಲ್ಲೇ ಉಣ್ಣಾಕ ಬರ್ತಿದ್ವಿ.” ಗಡಿಯಾರ ಕೊಟ್ಟವನು ತನ್ನ ದೇಶದ ಸೂರ್ಯನನ್ನೇ ಕಳಿಸಿದ್ದ! ನಾನು ಆ ಗಡಿಯಾರವನ್ನು ತೆಗೆದು, ಇನ್ನೊಬ್ಬನ ಗಡಿಯಾರ ತಂದು ಹಾಕಿದೆ. ಬುದ್ಧಿವಂತನಿಗೆ ಅಷ್ಟು ಸೂಚನೆ ಸಾಕಾಗುತ್ತಿತ್ತು.

ಒಂದು ತಿಂಗಳು ಎಲ್ಲ ಸುರಳೀತ. ಇಪ್ಪತ್ತಮೂರು ಹೆಂಗಸರು ಫಾರಂ ತುಂಬಿದರು. ದಿನಾ ಮಧ್ಯಾಹ್ನ ನಾನು ಪರದೆಯ ಮುಂದೆ ಕೂತು ಹೂ ಉದುರುವುದನ್ನು ನೋಡುತ್ತಿದ್ದೆ. ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ. ಭಾದ್ರಪದ ಹತ್ತಿರ ಬಂತು. ಅಂದರೆ ದಶಲಕ್ಷಣ ಪರ್ವ, ಹತ್ತು ದಿನ ಉಪವಾಸ, ವ್ರತ. ಆಯಿ ಆ ಹತ್ತೂ ದಿನ ಹಗಲಿಗೊಂದೇ ಊಟ ಮಾಡುತ್ತಾರೆ, ಅದೂ ಮೌನದಲ್ಲಿ. ತಟ್ಟೆಯಲ್ಲಿ ಹೆಚ್ಚು ಏನೂ ಇರುವುದಿಲ್ಲ. ರೊಟ್ಟಿ, ತುಪ್ಪ, ಪದ್ಮಾಳ ಹಿಂಡಿ. ಈ ಸಲ ಡಬ್ಬಿ ಕಳಿಸುವುದು ಬೇಡ, ಆಯಿಯ ಸೊಸೆ ತ್ರಿಶಲಾ ಫೋನಿನಲ್ಲಿ ಫಾರಂ ತುಂಬಲಿ, ಇಷ್ಟು ದಿನದ ತೊಂದರೆ ಮುಗಿಯಿತು ಎಂದು ನಾನೇ ಬೇಡಕಿಹಾಳಕ್ಕೆ ಹೇಳಿ ಕಳಿಸಿದೆ.

ಪರ್ವದ ಹಿಂದಿನ ದಿನ ಅಥಣಿಯಿಂದ ಪದ್ಮಾಳ ಚಿಕ್ಕಪ್ಪನ ಮಗಳ ಫೋನು ಬಂತು. ಅಕ್ಕಾ, ನೀನೂ ಕಾಂದಾ-ಲಸೂಣ ಮಸಾಲಿ ಚಾಲೂ ಮಾಡಿದೇನು ಎಂದು ಕೇಳಿದಳಂತೆ. ಪದ್ಮಾ ನನ್ನ ಕಡೆ ನೋಡಿದಳು. ನಾನು ಕಂಪ್ಯೂಟರ್ ತೆರೆದು ತೋರಿಸಿದೆ. ಪಾರಿಜಾತ ಉದುರುತ್ತಿತ್ತು, ಚಂದ್ರ ತೇಲುತ್ತಿದ್ದ, ಗಿಳಿ ನಮಸ್ಕಾರ ಎಂದಿತು. ಅವಳ ಫೋನು ಕೆಟ್ಟಿದೆ ಎಂದು ತೀರ್ಪು ಕೊಟ್ಟೆ. ಮಧ್ಯಾಹ್ನ ರಾಯಬಾಗದಿಂದ ಅದೇ ದೂರು. ಅಲ್ಲಿಯ ಟವರ್ ಸರಿಯಿಲ್ಲ ಎಂದೆ. ಸಂಜೆ ಅಲಖನೂರ. ಅಲ್ಲಿಯವರಿಗೆ ಕಣ್ಣು ತೋರಿಸಿಕೊಳ್ಳಲು ಹೇಳು ಎಂದೆ. ನಮ್ಮಿಬ್ಬರ ಫೋನೂ ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ವೆಬ್‌ಸೈಟ್ ಕಾಣುವುದಿಲ್ಲ. ನನಗೆ ಕಂಡದ್ದು ಕಂಪ್ಯೂಟರಿನಲ್ಲಿ ಕಂಡದ್ದು ಮಾತ್ರ, ಅದರಲ್ಲಿ ಹೂವಿನ ಹೊರತು ಏನೂ ಇರಲಿಲ್ಲ.

ಆದರೂ ಜವಾಬ್ದಾರಿಯುತ ಮಾಲೀಕನಾಗಿ ಪದ್ಮಾಂಗಣದ ನೆತ್ತಿಯ ಮೇಲೆ ಒಂದು ಪ್ರಕಟಣೆ ಹಾಕಿದೆ. “ಗ್ರಾಹಕರ ಗಮನಕ್ಕೆ. ನಮ್ಮಲ್ಲಿ ಯಾವ ದೋಷವೂ ಇರುವುದಿಲ್ಲ. ಗ್ರಾಹಕರು ತಮ್ಮ ತಮ್ಮ ಫೋನುಗಳನ್ನು ಶುಚಿಯಾಗಿಟ್ಟುಕೊಳ್ಳತಕ್ಕದ್ದು.” ಮೂರು ಸಲ ಓದಿದೆ. ಭಾಷೆ ಬಹಳ ಬಿಗಿಯಾಗಿ ಬಂದಿತ್ತು.

ಪರ್ವದ ನಾಲ್ಕನೆಯ ದಿನ ತ್ರಿಶಲಾ ಫೋನು ಮಾಡಿದಳು. ಆಯಿ ಈ ಸಲ ಹಿಂಡಿ ಬ್ಯಾಡ ಅಂದಾರ ಎಂದು ಮೊದಲು ಹೇಳಿ, ಆಮೇಲೆ ಕಾರಣ ಹೇಳಿದಳು. ಪರ್ವದ ಹಿಂದಿನ ದಿನ ಅವಳು ಫಾರಂ ತುಂಬುವಾಗ ಅತ್ತೆಯ ನಂಬರು ಕೊಟ್ಟಿದ್ದಳು; ಆ ಬೇಡಿಕೆ ನನ್ನವರೆಗೆ ಬಂದೇ ಇರಲಿಲ್ಲ. ಮರುದಿನ ಆಯಿ ಊಟಕ್ಕೆ ಕೂತಾಗ ಅವರ ಫೋನು ರಿಂಗಾಯಿತು. ಮೌನದಲ್ಲಿದ್ದ ಆಯಿ ಫೋನು ಕಿವಿಗೆ ಹಿಡಿದರು. ಆ ಕಡೆಯವನು ಅವರ ಹೆಸರು ಹೇಳಿದ, ಊರು ಹೇಳಿದ, ಎರಡು ಸೇರು ಶೇಂಗಾ ಹಿಂಡಿ ಕೇಳಿದ್ದನ್ನೂ ಹೇಳಿದ. ಪಾರ್ಸಲ್ ದಾರಿಯಲ್ಲಿ ತಡೆದಿದೆ, ಈಗ ನಿಮ್ಮ ಫೋನಿಗೆ ಬಂದ ನಂಬರು ಹೇಳಿರಿ ಎಂದ. ಆಯಿ ರೊಟ್ಟಿ ಮುರಿದರು. ಅವನು ಮತ್ತೆ ಕೇಳಿದ. ಆಯಿ ತುಪ್ಪ ಹಾಕಿಕೊಂಡರು. ಹತ್ತು ನಿಮಿಷ ಬಗೆಬಗೆಯಾಗಿ ಬೇಡಿಕೊಂಡು, ಕೊನೆಗೆ ಅವನೇ ಸೋತು ಫೋನಿಟ್ಟ. ವ್ರತ ಕಾಪಾಡುತ್ತದೆ ಎಂದು ಹಿರಿಯರು ಹೇಳುವುದು ಸುಳ್ಳಲ್ಲ!

ನನಗೆ ನಗು ಬಂತು. ಪದ್ಮಾ ನಗಲಿಲ್ಲ. ಫೋನಿಟ್ಟು ಒಲೆಯ ಮುಂದೆ ಕೂತಳು. “ಆಯಿ ನಾಕ ದಿನದಿಂದ ಬರೇ ರೊಟ್ಟಿ ತುಪ್ಪ ಉಣ್ಣಾಕತ್ತಾರ,” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಪಕ್ಕದಲ್ಲಿ ಹುರಿದು ಹೊಟ್ಟು ತೆಗೆದ ಶೇಂಗಾ ಬುಟ್ಟಿಯ ತುಂಬ ಹಾಗೇ ಇತ್ತು. ಆ ದಿನಗಳಲ್ಲಿ ಯಾರಿಂದಲೂ ಬೇಡಿಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ, ತ್ರಿಶಲಾಳ ಫೋನು ಕೆಟ್ಟಿದೆ, ಹೆಸರು ನಂಬರು ಸೋರಿದ್ದು ಅಲ್ಲಿಂದಲೇ ಎಂಬುದನ್ನು ಖುದ್ದಾಗಿ ಸಾಬೀತುಪಡಿಸಿ ತೋರಿಸುವ ಉದ್ದೇಶದಿಂದ ಬಸ್ಸು ಹತ್ತಿದೆ. ಪಕ್ಕದಲ್ಲಿ ದೊಡ್ಡ ಫೋನು ಹಿಡಿದ ಒಬ್ಬ ಗೃಹಸ್ಥರು ಕೂತಿದ್ದರು. ಕಬ್ಬಿನ ಹೊಲಗಳ ಮೇಲೆ ಸಣ್ಣ ಮಂಜು ಇತ್ತು, ಮನಸ್ಸು ಹಗುರಾಗಿತ್ತು. ನಮ್ಮದೊಂದು ಅಂಗಳ ಇದೆ, ನಿಮ್ಮ ಫೋನಿನಲ್ಲಿ ತೆರೆಯಿರಿ, ಮನಸ್ಸಿಗೆ ಹಿತ ಅನಿಸುತ್ತದೆ ಎಂದೆ. ಅವರು ತೆರೆದರು. ಪಾರಿಜಾತ ಉದುರಿತು. ನೋಡಿದಿರಾ ಎಂದೆ. ಆಗ ಆ ಹೂಗಳ ನಡುವಿನಿಂದ, ಬಹಳ ನಿಧಾನಕ್ಕೆ, ಸ್ವಪ್ನದಲ್ಲಿ ಏನೋ ಎದ್ದು ಬರುವ ಹಾಗೆ, ಕೆಂಪು ಮಸಾಲೆ ಹಚ್ಚಿದ ಒಂದು ಕೋಳಿಯ ಕಾಲು ಮೇಲೆದ್ದಿತು! ಅದರ ಸುತ್ತ ಬಳ್ಳೊಳ್ಳಿಯ ಹಾರ. ಕೆಳಗೆ ಪದ್ಮಾಳ ಹೆಸರು. ನೆತ್ತಿಯ ಮೇಲೆ ನನ್ನ ಪ್ರಕಟಣೆ: ನಮ್ಮಲ್ಲಿ ಯಾವ ದೋಷವೂ ಇರುವುದಿಲ್ಲ. ಎರಡು ಕ್ಷಣದಲ್ಲಿ ಪುಟ ತಾನಾಗಿ ಹಾರಿ ಒಂದು ಇಸ್ಪೀಟಿನ ಆಟಕ್ಕೆ ಹೋಗಿ ನಿಂತಿತು.

“ಛಲೋ ಐತ್ರಿ,” ಎಂದರು ಗೃಹಸ್ಥರು. “ಈ ಮಸಾಲಿ ಎಲ್ಲಿ ಸಿಗತೈತಿ?”

ಬೇಡಕಿಹಾಳಕ್ಕೆ ಹೋಗುವ ಧೈರ್ಯ ಉಳಿಯಲಿಲ್ಲ. ಚಿಕ್ಕೋಡಿಯಲ್ಲೇ ಉಳಿದೆ. ಅಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಶೈಲಾ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳಿಗೇ ನಲವತ್ತು ದಾಟಿದೆ. ಶಾಲೆಯಲ್ಲಿ ಅವಳು ಬೆಟ್ಟವನ್ನೂ ಸ್ಕೇಲಿಟ್ಟು ಬರೆಯುತ್ತಿದ್ದಳು. ನಿನ್ನ ಚಿತ್ರದಲ್ಲಿ ಬರೀ ಗೆರೆ ಇದೆ, ಕನಸಿಲ್ಲ ಎಂದು ನೂರಕ್ಕೆ ಮೂವತ್ತೈದು ಕೊಟ್ಟಿದ್ದೆ. ಅವಳು ಅದನ್ನು ಮರೆತಿರಲಿಲ್ಲ. ನನ್ನ ಒಂಬತ್ತು ಸಾಲುಗಳನ್ನು ಬಿಚ್ಚಿ ಒಂದೊಂದಾಗಿ ಓದಿದಳು. ಮುಖದ ಮೇಲೆ ಏನೂ ಕಾಣಲಿಲ್ಲ.

ಅವಳು ಹೇಳಿದ್ದು ಹೀಗೆ. ನಾನು ಅಂಟಿಸಿದ್ದು ಹೂವಲ್ಲ, ಹೂವಿನವನ ಮನೆಯ ವಿಳಾಸ. ಯಾರು ಪದ್ಮಾಂಗಣ ತೆರೆದರೂ ಅವರ ಫೋನು ಪ್ರತಿ ಸಲ ಆ ಮನೆಗೆ ಹೋಗಿ, ಆ ದಿನ ಅಲ್ಲಿ ಏನಿದೆಯೋ ಅದನ್ನು ತಂದು ನಡೆಸುತ್ತದೆ. ನಾನು ನೋಡಿದ ದಿನ ಅಲ್ಲಿ ಹಿಮ ಇತ್ತು. ಆಮೇಲೆ ಆ ಮನುಷ್ಯ ಜಾಗ ಬಿಟ್ಟು ಹೋದ. ಆ ವಿಳಾಸ ಬೇರೆ ಯಾರದೋ ಕೈಗೆ ಬಂತು. ಹೊಸಬನು ಹೂವನ್ನು ಹಾಗೇ ಇಟ್ಟು, ಅದರ ಹಿಂದೆ ತನಗೆ ಬೇಕಾದದ್ದನ್ನು ಸೇರಿಸಿದ. ಒಮ್ಮೆ ಒಳಗೆ ಬಂದ ಸಾಲಿಗೆ ನನ್ನ ಪುಟದಲ್ಲಿ ನನ್ನಷ್ಟೇ ಅಧಿಕಾರ. ಚಿತ್ರ ಬದಲಿಸಬಹುದು, ಬಂದವರನ್ನು ಬೇರೆ ಕಡೆ ಒಯ್ಯಬಹುದು, ಫಾರಂನಲ್ಲಿ ಹೆಂಗಸರು ಬರೆಯುವ ಹೆಸರು, ನಂಬರು ಎಲ್ಲವನ್ನೂ ಓದಬಹುದು. ಸಾಲದ್ದಕ್ಕೆ ಒಂದು ಸಾಲು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ನಾನು ಒಂಬತ್ತು ಜನರನ್ನು ಕರೆದಿದ್ದೆ. ಶೈಲಾ ಎಣಿಸಿದಾಗ ಒಳಗೆ ನಲವತ್ತಕ್ಕೂ ಹೆಚ್ಚಿದ್ದರು.

ನಮ್ಮ ಕಡೆ ಮದುವೆಯಲ್ಲಿ ಚೂಲಬಂದ್ ಆಮಂತ್ರಣ ಎಂದಿದೆ. ಆ ದಿನ ನಿಮ್ಮ ಮನೆಯ ಒಲೆ ಹೊತ್ತಬಾರದು, ಮನೆಮಂದಿಯೆಲ್ಲ ನಮ್ಮಲ್ಲೇ ಊಟ ಎಂದು ಕರೆಯುವುದು. ಆದರೆ ಅದನ್ನು ಕೊಡುವುದು ಅತಿ ಹತ್ತಿರದ ಬೀಗರಿಗೆ. ನಾನು ಮುಖ ನೋಡದ ಒಂಬತ್ತು ಪರದೇಶಿಗಳಿಗೆ ಚೂಲಬಂದ್ ಕೊಟ್ಟು, ಅವರು ಯಾರ್ಯಾರನ್ನು ಕರೆತಂದರು ಎಂದು ಬಾಗಿಲಲ್ಲಿ ನಿಂತು ನೋಡಿರಲಿಲ್ಲ.

ಹಾಗಾದರೆ ನನಗೆ ಯಾಕೆ ಕಾಣಲಿಲ್ಲ ಎಂದು ಕೇಳಿದೆ.

“ಅದು ಬರೇ ಫೋನಿನ್ಯಾಗ, ಹೊಸದಾಗಿ ಬಂದವರಿಗಷ್ಟ ಕಾಣೂ ಹಂಗ ಮಾಡ್ಯಾರ್ರಿ ಸರ್. ಮಾಲಕ ನೋಡಿದ್ರ ತಗದ ಒಗೀತಾನಲ್ಲ,” ಎಂದಳು. “ಮೂರನೆಯವರ ಸಾಲು ಅಂತ ಕರೀತೀವಿ ನಾವು ಇದಕ್ಕ. ನೀವು ಒಬ್ರು, ನಿಮ್ಮ ಪುಟಕ್ಕ ಬರೂ ಹೆಂಗಸರು ಒಬ್ರು. ನಡುವ ಇವರು ಮೂರನೆಯವರು. ಬ್ಯಾಡಾದ್ರ ಇಟಗೋಬಾರದ್ರಿ.”

ಒಂಬತ್ತು ಸಾಲುಗಳನ್ನೂ ಅಳಿಸಿದಳು. ತಂಬೂರಿ ನಿಂತಿತು. ಗಿಳಿ ಹಾರಿತು. ಚಂದ್ರ ಮುಳುಗಿದ. ಕೊನೆಗೆ ಪಾರಿಜಾತದ ಸಾಲಿನ ಮೇಲೆ ಕೈ ಇಟ್ಟು ನನ್ನ ಕಡೆ ನೋಡಿದಳು. ಅಲ್ಲಿ ಈಗ ಕಳ್ಳನಿದ್ದಾನೆ ಎಂದು ಗೊತ್ತಿದ್ದೂ, ಇದೊಂದನ್ನು ಇಡಲು ಬರುತ್ತದೆಯೇ ಎಂದು ನಾನು ಕೇಳಿದೆ. ಇಂಥ ಮನುಷ್ಯ ನಾನು. ಅವಳು ಅಳಿಸಿದಳು. ಬಿಳಿ ಹಾಳೆಯ ಮೇಲೆ ಮೂರು ಹಿಂಡಿಯ ಹೆಸರು ಉಳಿದವು. ಗೆರೆ ನೆಟ್ಟಗಿತ್ತು. ಫಾರಂ ಕೂಡ ಸದ್ಯಕ್ಕೆ ಮುಚ್ಚಿರಿ, ತುಂಬಿದವರಿಗೆಲ್ಲ ಫೋನು ಮಾಡಿ ಯಾರು ಕೇಳಿದರೂ ಯಾವ ನಂಬರೂ ಹೇಳಬೇಡಿ ಎಂದು ತಿಳಿಸಿರಿ ಎಂದು ಆಜ್ಞೆ ಮಾಡಿದಳು. ಹೊರಡುವಾಗ ನನಗೆ ಎಷ್ಟು ಅಂಕ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಮನೆಗೆ ಬಂದು ಪದ್ಮಾಳಿಗೆ ಹೇಳಲು ಕೂತೆ. ವಿಳಾಸ, ಅಧಿಕಾರ, ಹೊಸ ಮಾಲೀಕ ಎಂದೆಲ್ಲ ದೊಡ್ಡ ಪೀಠಿಕೆ ಹಾಕಿದೆ. ಅವಳಿಗೆ ತಿಳಿಯಲಿಕ್ಕಿಲ್ಲ ಎಂದು ಒಂದು ಚಿತ್ರವನ್ನೂ ಬರೆಯತೊಡಗಿದೆ. ಅವಳು ಚಿತ್ರ ಮುಗಿಯಲು ಬಿಡಲಿಲ್ಲ.

“ಅಂದ್ರ ಗಿರಣ್ಯಾಗ ನಮ್ಮಕಿಂತ ಮೊದಲ ಯಾರದ್ ಹಾಕಿದ್ರು ಅಂತ ಕೇಳಲಿಲ್ಲ ನೀವು,” ಎಂದಳು.

ಎರಡು ತಿಂಗಳು ವಿಡಿಯೋ ನೋಡಿದವನು ನಾನು. ಒಂದೂ ನೋಡದವಳು ಅವಳು. ಅವಳು ಗಿರಣಿಯಲ್ಲಿ ಸೆರಗು ಹಿಡಿದು ನಿಂತ ಅಷ್ಟೂ ವರ್ಷ ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಮೋಡ ನೋಡಿದ್ದೆ. ನಾಚಿಕೆಯಾಯಿತು. ಆ ಸಂಜೆ ಇಪ್ಪತ್ತಮೂರು ಮನೆಗಳಿಗೆ ಫೋನು ಮಾಡಿ ಇಪ್ಪತ್ತಮೂರು ಸಲ ನನ್ನ ತಪ್ಪನ್ನು ಒಪ್ಪಿಕೊಂಡೆ. ಹನ್ನೊಂದನೆಯ ಮನೆಯ ಹೊತ್ತಿಗೆ ಅದು ಬಾಯಿಪಾಠವಾಗಿತ್ತು. ಅಲಖನೂರದವರು ಮಾತ್ರ, ತಾವು ಆಗಲೇ ಕಣ್ಣು ತೋರಿಸಿಕೊಂಡು ಬಂದಾಗಿದೆ, ಚಷ್ಮಾ ಕೊಟ್ಟಿದ್ದಾರೆ ಎಂದರು.

ಆಯಿಗೆ ಫೋನಿನಲ್ಲಿ ಹೇಳುವುದು ಸರಿಯಲ್ಲ ಎಂದು ಪದ್ಮಾ ಅಂದಳು. ಪರ್ವದ ಆರನೆಯ ದಿನ ಇಬ್ಬರೂ ಬೇಡಕಿಹಾಳಕ್ಕೆ ಹೋದೆವು. ದಾರಿಯಲ್ಲಿ ಅವಳು, ಆಯಿ ಇನ್ನ ಮ್ಯಾಲೆ ನನ್ನ ಕೈಲೆ ಉಣ್ಣಲಿಲ್ಲ ಅಂದ್ರ ನಾ ಯಾರಿಗೂ ಮಾಡೂದಿಲ್ಲ ಎಂದಳು. ನನಗೆ ಹೊರಗೆ ನೋಡಲು ಮನಸ್ಸಾಗಲಿಲ್ಲ. ಕಿಟಕಿಯ ಪಕ್ಕ ಕೂತೂ ನೋಡದೆ ಹೋದದ್ದು ಅದೇ ಮೊದಲು.

ನಾವು ಹೋದಾಗ ಆಯಿ ಊಟಕ್ಕೆ ಕೂತಿದ್ದರು. ಅಂದರೆ ಮೌನ. ಮಣೆಯ ಮುಂದೆ ತಟ್ಟೆಯಲ್ಲಿ ಎರಡು ರೊಟ್ಟಿ, ತುಪ್ಪ. ಹಿಂಡಿ ಇರಬೇಕಾದ ಜಾಗ ಖಾಲಿ. ಆಯಿ ಕೈಸನ್ನೆಯಿಂದ ಕೂರಲು ಹೇಳಿದರು. ನಾನು ಕಾಯಬೇಕಿತ್ತು. ಆದರೆ ಎದುರಿನವರು ಸುಮ್ಮನಿದ್ದರೆ ಮಾಸ್ತರನ ಬಾಯಿ ಸುಮ್ಮನಿರುವುದಿಲ್ಲ. ಪರದೇಶದ ಹಿಮದಿಂದ ಶುರು ಮಾಡಿ, ಪಾರಿಜಾತ, ಕೋಳಿಯ ಕಾಲು, ಹೂವಿನವನ ಹೊಸ ಮಾಲೀಕ, ಎಲ್ಲವನ್ನೂ ವಿವರಿಸಿದೆ. ಆಯಿ ಉಣ್ಣುತ್ತ ಕೇಳಿದರು. ಆ ವಂಚಕನ ಹತ್ತು ನಿಮಿಷವನ್ನು ಅವರು ಹೇಗೆ ಕೇಳಿದ್ದರು ಎಂದು ನನಗೆ ಆಗ ಅರ್ಥವಾಯಿತು. ನನ್ನನ್ನೂ ಹಾಗೇ ಕೇಳುತ್ತಿದ್ದರು.

ಊಟ ಮುಗಿಯಿತು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಆಯಿ ಪದ್ಮಾಳ ಎದುರು ಬಂದು ಕೂತರು.

“ನಿನ್ನ ಕೈ ಮ್ಯಾಲೆ ನನಗ ಒಂದ್ ದಿನಾನೂ ಸಂಶಯ ಬಂದಿಲ್ಲ, ಪದ್ಮಾ,” ಎಂದರು. “ಆದ್ರ ಡಬ್ಬಿ ಬ್ಯಾಡ ಅಂತ ಹೇಳಿ ಕಳಿಸಿದ್ರಿ. ನನ್ನ ಡಬ್ಬಿ ಇಲ್ಲಾ, ನಿನ್ನ ಮಾತಿಲ್ಲಾ, ಯಾರೋ ಫೋನ್ ಹಚ್ಚಿ ಹಿಂಡಿ ಸುದ್ದಿ ಮಾತಾಡ್ತಾರ. ನಾ ಹ್ಯಾಂಗ ಉಣ್ಣಲಿ? ನಾ ಡಬ್ಬಿ ಕೊಡತೀನಿ, ನೀ ತುಂಬಿ ಕೊಡತಿ. ಇದರಾಗ ಮೂರನೆಯವರು ಯಾಕ ಬೇಕು?”

ಪದ್ಮಾಳ ಕಣ್ಣಲ್ಲಿ ನೀರು ಬಂತು. ನಾನು ಬಹಳ ಹುರುಪಿನಿಂದ ತಲೆಯಾಡಿಸಿದೆ. ಶೈಲಾ ಕಾಲೇಜಿನಲ್ಲಿ ಹೇಳಿದ್ದನ್ನೇ ಆಯಿ ಮಣೆಯ ಮೇಲೆ ಕೂತು ಹೇಳಿದ್ದರು. ಹೌದು ಆಯಿ, ಎಲ್ಲ ಅನರ್ಥಕ್ಕೂ ಈ ಮೂರನೆಯವರೇ ಕಾರಣ, ಅವರನ್ನು ಬುಡಸಮೇತ ತೆಗೆದು ಹಾಕಿದ್ದೇನೆ ಎಂದು ಘೋಷಿಸಿದೆ.

ಆಯಿ ಒಳಗೆ ಹೋಗಿ ಹಿತ್ತಾಳೆ ಡಬ್ಬಿ ತಂದರು. ತೊಳೆದು, ಬಿಸಿಲಿಗೆ ಒಣಗಿಸಿ, ಬಟ್ಟೆ ಸುತ್ತಿ ಇಟ್ಟಿದ್ದರು. ಆರು ದಿನದಿಂದ ಅದು ಅಲ್ಲೇ ಸಿದ್ಧವಾಗಿ ಕೂತಿತ್ತು. ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ವಾಡಿಕೆಯಂತೆ ಎದ್ದು ಎರಡೂ ಕೈ ಚಾಚಿದೆ.

ಡಬ್ಬಿ ನನ್ನ ಕೈಗಳ ಮುಂದಿನಿಂದ ಹಾದು ಪದ್ಮಾಳ ಮಡಿಲಿಗೆ ಹೋಯಿತು.

“ಇನ್ನ ಮ್ಯಾಲೆ ನೀನ ಒಯ್ಯಿ, ನೀನ ತಾ,” ಎಂದರು ಆಯಿ. “ನಿಪ್ಪಾಣಿ ನೋಡಿ ಬಂದ ಹಿಂಡಿ ಒಮ್ಮೆ ಉಂಡೀನಿ. ಸಾಕು.”

ತಿರುಗಿ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಹೊರಗೆ ಮಳೆ ಹನಿಯುತ್ತಿತ್ತು, ಕಬ್ಬಿನ ಗರಿಗಳೆಲ್ಲ ಒಂದೇ ಕಡೆ ಬಾಗಿದ್ದವು. ಪದ್ಮಾ ಎಷ್ಟೋ ದಿನಗಳ ಮೇಲೆ ಮುಖ ಅರಳಿಸಿ ಕೂತಿದ್ದಳು. ಇವತ್ತೇ ಹಿಂಡಿ ಕುಟ್ಟಿ, ನಾಳೆ ಮೊದಲ ಬಸ್ಸಿಗೆ ತಂದುಕೊಟ್ಟರೆ ಆಯಿಗೆ ಇನ್ನೂ ನಾಲ್ಕು ದಿನ ಸಿಗುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಡಬ್ಬಿ ಅವಳ ತೊಡೆಯ ಮೇಲಿತ್ತು. ಭಾರವಾಗುತ್ತದೆ, ಇಲ್ಲಿ ಕೊಡು, ನಾನು ಹಿಡಿಯುತ್ತೇನೆ ಎಂದೆ. ಖಾಲಿ ಡಬ್ಬಿ ಏನು ಭಾರ?

ಅವಳು ಅದನ್ನು ಆ ಕಡೆಯ ತೊಡೆಗೆ ಸರಿಸಿಕೊಂಡಳು. ಸಿಟ್ಟಿನಿಂದಲ್ಲ, ಗಿರಣಿಯಲ್ಲಿ ನಿಂತಾಗಿನ ಅದೇ ಎಚ್ಚರದಿಂದ.

“ನೀವು ಕಿಡಕ್ಯಾಗ ನೋಡ್ಕೋಂತ ಕುಂದರ್ರಿ,” ಎಂದಳು.

ಕೂತೆ.